ಚಾಕಲೇಟ್ ಕರಗಲಿಲ್ಲ

ನನ್ನ ಗಂಡ ಟ್ರಕ್ ಓಡಿಸುತ್ತಿದ್ದರು. ಅಮೆರಿಕದ ಸುವಾನಿ ಊರಿನ ನಮ್ಮ ಕನ್ನಡ ಬಳಗದಲ್ಲಿ ಉಳಿದವರೆಲ್ಲ ಕಂಪ್ಯೂಟರ್ ಮುಂದೆ ಕೂರುವವರು. ಯುಗಾದಿ ಊಟದಲ್ಲಿ ಯಾರಾದರೂ ಇವರ ಕೆಲಸ ಏನೆಂದು ಕೇಳಿದರೆ ಪಕ್ಕದ ಮನೆ ಆಂಟಿಯೇ ಮುಂದೆ ಬಿದ್ದು, "ಲಾಜಿಸ್ಟಿಕ್ಸ್‌ನಲ್ಲಿದ್ದಾರೆ" ಎಂದು ನಮ್ಮ ಮಾನ ಕಾಪಾಡುತ್ತಿದ್ದರು.

ಹೋದ ವರ್ಷ ಜುಲೈಯಲ್ಲಿ ಅರಿಜೋನಾದ ಮರಳುಗಾಡು ದಾಟುವಾಗ ಇವರ ಕ್ಯಾಬಿನ್ನಿನ ಎಸಿ ಕೆಟ್ಟಿತು. ಆಫೀಸಿಗೆ ಫೋನ್ ಮಾಡಿದರೆ, "ಮೊದಲು ಲೋಡ್ ಇಳಿಸಿ ಬಾ, ಆಮೇಲೆ ರಿಪೇರಿ" ಎಂದರಂತೆ. ಹಿಂದಿನ ಟ್ರೇಲರ್‌ನಲ್ಲಿ ಚಾಕಲೇಟ್ ಇತ್ತು. ಅದಕ್ಕೆ ಬೇರೆಯೇ ಕೂಲಿಂಗ್ ಯಂತ್ರ, ಅದರ ಯೋಗಕ್ಷೇಮ ನೋಡಲು ಆಫೀಸಿನಲ್ಲೊಂದು ಅಲಾರಂ. ಮುಂದೆ ಕೂತ ಮನುಷ್ಯನಿಗೆ ಕಿಟಕಿ ಇತ್ತಲ್ಲ, ಇಳಿಸಿಕೊಂಡರಾಯಿತು. ಸ್ಟೀರಿಂಗ್ ಮುಟ್ಟಲಾಗುತ್ತಿಲ್ಲ, ಒದ್ದೆ ಟವೆಲ್ ಸುತ್ತಿದ್ದೇನೆ ಎಂದು ನನಗೆ ಫೋನಿನಲ್ಲಿ ಹೇಳಿದ್ದೇ ಕೊನೆಯ ಮಾತು. ಟ್ರಕ್ಕನ್ನು ರಸ್ತೆ ಬದಿಗೆ ಅಚ್ಚುಕಟ್ಟಾಗಿ ನಿಲ್ಲಿಸಿ, ಸೀಟಿನಲ್ಲೇ ತೀರಿಕೊಂಡರು. ಚಾಕಲೇಟ್ ಒಂದೂ ಕರಗಿರಲಿಲ್ಲ. ಆಫೀಸಿನವರು ಸಂತಾಪ ಹೇಳುವಾಗ ಅದನ್ನೂ ಹೇಳಿದರು. ನನಗೆ ಸಮಾಧಾನವಾಗಲಿ ಎಂದಿರಬೇಕು.

ಆಮೇಲೆ ಕಂಪನಿಯವರು ಬಿಸಿಲಿನ ಬಗ್ಗೆ ಬಹಳ ತಲೆ ಕೆಡಿಸಿಕೊಂಡು ಪ್ರತಿ ಡ್ರೈವರ್‌ಗೂ ಒಂದು ಬಾಟಲಿ ಕಳಿಸಿದರು. ಮೇಲೆ "ನೀರು ಕುಡಿಯಿರಿ" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬಾಟಲಿ ಯಾತಕ್ಕೆ ಎಂದು ಡ್ರೈವರ್‌ಗಳಿಗೆ ಯಾರಾದರೂ ಹೇಳಬೇಕಲ್ಲ. ನನ್ನ ಗಂಡನ ಹೆಸರಿಗೂ ಒಂದು ಬಂತು. ಅದರಲ್ಲಿ ತುಳಸಿಗೆ ನೀರು ಹಾಕುತ್ತೇನೆ.

ಈ ಜೂನ್‌ನಲ್ಲಿ ಅದೇ ಕಂಪನಿಯ ಡ್ರೈವರ್ ಒಬ್ಬ ಫೋನ್ ಮಾಡಿದ. ಹಾಸನದ ಕಡೆಯವನು, ಈಗ ಇಲ್ಲೇ ಅಮೆರಿಕದ ಡರ್ಹಮ್‌ನಲ್ಲಿ ಮನೆ ಮಾಡಿದ್ದಾನೆ. ಕೆಲಸ ಕಲಿಸಿದ್ದು ನನ್ನ ಗಂಡನೇ. ಅವತ್ತು ಅದೇ ಮರಳುಗಾಡಿನ ಅಂಚಿನಲ್ಲಿ, ಟ್ರಕ್ ಸ್ಟಾಪೊಂದರಲ್ಲಿ ನಿಂತಿದ್ದ.

"ಅಕ್ಕ, ಎಸಿ ಹೋಗಿದೆ. ಲೋಡ್ ಇಳಿಸಿ ಬಾ ಅಂತಾರೆ."

"ಏನು ಲೋಡು?"

"ಐಸ್‌ಕ್ರೀಮು."

"ಹೊರಡಬೇಡ."

"ಕೆಲಸದಿಂದ ತೆಗೀತಾರಕ್ಕ."

"ಹಿಂದಿನ ಕೂಲಿಂಗ್ ಸ್ವಲ್ಪ ಹೊತ್ತು ಆಫ್ ಮಾಡು. ನೀನೇನೂ ಮಾತಾಡಬೇಡ, ನಿನ್ನ ಪರವಾಗಿ ಐಸ್‌ಕ್ರೀಮ್ ಮಾತಾಡುತ್ತೆ."

"ಅಯ್ಯಪ್ಪಾ! ಅಣ್ಣ ಇದ್ದಿದ್ರೆ ನಮ್ಮಿಬ್ಬರಿಗೂ ಬೈತಿದ್ರು."

"ಬಂದು ಬೈಯಲಿ, ನೋಡೋಣ."

ಆಫೀಸಿನಲ್ಲಿ ಅಲಾರಂ ಹೊಡೆಯಿತು. ಡ್ರೈವರ್‌ಗಳು ಎಷ್ಟು ಕರೆದರೂ ಸಿಗದ ಮೆಕ್ಯಾನಿಕ್ ಊಟ ಬಿಟ್ಟು ಓಡಿಬಂದ. ಅಷ್ಟರಲ್ಲಿ ಇವನು ಕೂಲಿಂಗ್ ಮತ್ತೆ ಆನ್ ಮಾಡಿದ್ದ; ನೋಡಿದರೆ ಟ್ರೇಲರ್ ಸರಿಯಾಗಿಯೇ ಇದೆ. ಹೇಗೂ ಬಂದಿದ್ದೀಯ, ಮುಂದೆ ಕ್ಯಾಬಿನ್ನಿನ ಎಸಿಯನ್ನೂ ಮಾಡಿಕೊಟ್ಟು ಹೋಗು ಎಂದು ಇವನು ಅಡ್ಡ ನಿಂತ.

ಸಂಜೆ ನಾನು ಬಾಟಲಿ ತುಂಬಿಸಿಕೊಂಡು ತುಳಸಿಯ ಹತ್ತಿರ ಹೋಗುತ್ತಿದ್ದಾಗ ಮೆಸೇಜ್ ಬಂತು. "ಎಸಿ ಸರಿ ಹೋಯ್ತು ಅಕ್ಕ, ಹೊರಟೆ. ಈಗ ಚಳಿ ಆಗ್ತಿದೆ."

ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದೆ: "ಸ್ವೆಟರ್ ಹಾಕ್ಕೋ."