ಹಗೇವಿಗೆ ಇಳಿಸಿದ ದೀಪ

ಕುದೇರಿನಿಂದ ನಮ್ಮ ಮಹಿಳಾ ಸಂಘದ ವ್ಯಾನು ಹೊರಟಾಗ ಇನ್ನೂ ಬಿಸಿಲೇರಿರಲಿಲ್ಲ. ಗುಂಡ್ಲುಪೇಟೆ ಕಡೆಯ ಬೇಸಾಯ, ದಾರಿಯ ಹಳೆಯ ಗುಡಿಗಳು, ಇವನ್ನು ನೋಡಿಬರುವ ಒಂದು ದಿನದ ಅಧ್ಯಯನ ಪ್ರವಾಸ. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡಿದ್ದೆ. ಮೈದುನ ಮಾದೇವ ಜಗುಲಿಯಲ್ಲಿ ಕೂತು, "ರಾಗಿ ನೋಡಕ್ಕೆ ಗುಂಡ್ಲುಪೇಟೆಗಂಟ ಓಗ್ಬೇಕಾ ಅತ್ಗೆ? ನಮ್ಮಟ್ಟಿ ಹಿಂದ್ಲೇ ಅದಲ್ಲ" ಎಂದು ರೇಗಿಸಿದ. ಅವನಿಗೆ ಅಂದು ಬೇರೆ ಕೆಲಸವಿತ್ತು. ನಮ್ಮ ಅಂಗಳದಲ್ಲೊಂದು ಹಗೇವಿದೆ, ನೆಲದೊಳಗೆ ರಾಗಿ ತುಂಬಿಡುತ್ತಿದ್ದ ಆಳದ ಗುಂಡಿ. ಮಾವನವರು ಹೋದಮೇಲೆ ಅದನ್ನು ತೆರೆದೇ ಇಲ್ಲ. ಮಧ್ಯಾಹ್ನ ಅದರ ಬಾಯಿಗೆ ಮುಚ್ಚಿದ ಕಲ್ಲು ಸರಿಸಿ, ಒಳಗಿಳಿದು ಗುಡಿಸಿ, ಮಳೆನೀರಿನ ತೊಟ್ಟಿ ಮಾಡುತ್ತೇನೆಂದಿದ್ದ.

ಚಾಮರಾಜನಗರದಲ್ಲಿ ಟೀ ಕುಡಿದು, ತೆರಕಣಾಂಬಿಯಲ್ಲಿ ಇಳಿದು ಗುಡಿಯ ಕಂಬಗಳನ್ನು ನೋಡಿದೆವು. ಮುಂದೆ ರಸ್ತೆಯ ಎರಡೂ ಬದಿ ಚೆಂಡುಹೂವಿನ ಹೊಲ. ಅಷ್ಟೂ ಹೂವು ದೇವರಿಗಲ್ಲ, ಬಣ್ಣ ತೆಗೆಯಲು ಕಾರ್ಖಾನೆಗೆ ಹೋಗುತ್ತದೆ ಎಂದು ಕೇಳಿ ಪಕ್ಕದ ಮನೆಯ ರತ್ನ ಬಾಯಿ ಬಿಟ್ಟಳು. ದಿಗಿಲು ಬೀಳುವುದು ಇನ್ನೂ ಮುಂದಿತ್ತು.

ಗುಂಡ್ಲುಪೇಟೆ ಹತ್ತಿರದ ಹಳ್ಳಿಯಲ್ಲಿ ರೈತ ಮಹಿಳೆ ಪುಟ್ಟತಾಯಮ್ಮ ನಮಗೆ ತೋರಿಸಲೆಂದೇ ತಮ್ಮ ಹಗೇವಿನ ಬಾಯಿ ತೆರೆಸಿದ್ದರು. ಒಳಗೆ ಏಣಿ ಇತ್ತು. ರತ್ನ ಸೀರೆ ಎತ್ತಿಕಟ್ಟಿ, ಮೊಬೈಲು ಹಿಡಿದು, ಒಂದು ಫೋಟೊ ತೆಗೆದುಬರುತ್ತೇನೆಂದು ಏಣಿಗೆ ಕಾಲಿಟ್ಟಳು. ಪುಟ್ಟತಾಯಮ್ಮ ಅವಳ ರಟ್ಟೆ ಹಿಡಿದು ಎಳೆದುಕೊಂಡರು. ಒಂದು ದೀಪ ಹಚ್ಚಿ, ಡಬ್ಬದಲ್ಲಿಟ್ಟು, ಹಗ್ಗ ಕಟ್ಟಿ ಇಳಿಸಿದರು. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಅರ್ಧ ದಾರಿಯಲ್ಲಿ ದೀಪ ಯಾರೋ ಬೆರಳಲ್ಲಿ ಚಿವುಟಿದ ಹಾಗೆ ಆರಿತು.

"ಕೆಳ್ಗೆ ಕೆಟ್ಟ ಗಾಳಿ ನಿಂತದೆ ಕಣವ್ವ. ದೀಪಕ್ಕೇ ಉಸ್ರಿಲ್ಲ, ನಿಂಗೆಲ್ಲಿಂದ ಬಂದದು?" ಎಂದರು.

ಎಲ್ಲರೂ ರತ್ನನ ಮುಖ ನೋಡುತ್ತಿದ್ದರು. ನನಗೆ ಮಾದೇವ ನೆನಪಾದ. ಅವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅವನ ಹೆಂಡತಿ ಶೋಭಾಗೆ ಮಾಡಿದೆ. "ಈಗ್ತಾನೆ ಏಣಿ ಇಳಿತಾವ್ರೆ ಅಕ್ಕ" ಎಂದಳು.

"ಮೊದ್ಲು ಮ್ಯಾಕ್ಕೆ ಹತ್ಸು. ಯಾಕೇಂತ ಆಮೇಲೆ ಕೇಳು."

ಫೋನಿನಲ್ಲಿ ಅವಳು ಓಡಿದ್ದು, ಕೂಗಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಕೊನೆಗೆ, "ಏನಂತೆ ಅತ್ಗೆದು?" ಎಂಬ ಮಾದೇವನ ಸಿಡುಕಿನ ದನಿ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಪುಟ್ಟತಾಯಮ್ಮ ಮಜ್ಜಿಗೆ ಕೊಟ್ಟರು. ಹಗೇವಿನ ಬಾಯಿ ತೆರೆದು ಬಿಟ್ಟು, ಬೇವಿನ ಸೊಪ್ಪಿನ ಕಟ್ಟನ್ನು ಹಗ್ಗದಲ್ಲಿ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಬೇಕು, ದೀಪ ತಳದಲ್ಲೂ ನಿಂತು ಉರಿದರೆ ಮಾತ್ರ ಇಳಿಯಬೇಕು ಎಂದು ಹೇಳಿಕೊಟ್ಟರು. ನಾನೊಬ್ಬಳೇ ಬಂದಿದ್ದರೆ ದೂರ ನಿಂತು ಬಗ್ಗಿ ನೋಡಿ ಹೋಗುತ್ತಿದ್ದೆ. ಗುಂಪಿನಲ್ಲಿ ರತ್ನನಂಥ ಆತುರಗಾತಿ ಇದ್ದದ್ದರಿಂದ ದೀಪ ಇಳಿಯಿತು.

ಸಂಜೆ ವ್ಯಾನಿನವರೆಲ್ಲ ನಮ್ಮ ಅಂಗಳದಲ್ಲೇ ಇಳಿದರು. ನಾನು ಹಚ್ಚಿಕೊಟ್ಟ ದೀಪವನ್ನು ಮಾದೇವ ತಾನೇ ಹಗೇವಿಗೆ ಬಿಟ್ಟ. ಆರಿತು. "ಎಣ್ಣೆ ಕಮ್ಮಿಯಾಗಿತ್ತೇನೋ" ಎಂದ. ಎಣ್ಣೆ ಹೊಯ್ದು ಮತ್ತೆ ಬಿಟ್ಟ. ಅದೇ ಆಳದಲ್ಲಿ ಮತ್ತೆ ಆರಿತು. ಅವನು ಏಣಿಯನ್ನು ಮೇಲೆಳೆದು ಗೋಡೆಗೆ ಒರಗಿಸಿದ. ಅಷ್ಟು ಹೊತ್ತೂ ಶೋಭಾ ಅವನ ಅಂಗಿಯ ತುದಿ ಹಿಡಿದೇ ಇದ್ದಳು, ಬಿಡಲಿಲ್ಲ.