ಕಾಣೆಯಾದ ಎಂಟು ಜಿಬಿ

ಹೆಬ್ಬಗೋಡಿಯ ಲೋಕೇಶನಿಗೆ ಮೂವತ್ತಾರು ವರ್ಷ. ಕೆಲಸ ಏನು ಎಂದು ಯಾರಾದರೂ ಕೇಳಿದರೆ “ಬಿಲ್ಡಿಂಗ್ ನೋಡ್ಕೋತೀನಿ” ಎನ್ನುತ್ತಾನೆ. ಬಿಲ್ಡಿಂಗೇನೂ ಎಲ್ಲಿಗೂ ಓಡಿಹೋಗುವುದಿಲ್ಲ, ಆದರೂ ನೋಡಿಕೊಳ್ಳುತ್ತಾನೆ. ಅಜ್ಜ ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಅಪ್ಪ ನಾಲ್ಕು ಅಂತಸ್ತು ಕಟ್ಟಿಸಿ ಕಣ್ಣು ಮುಚ್ಚಿದ್ದ. ಈಗ ಅಲ್ಲಿನ ಹನ್ನೆರಡು ಬಾಡಿಗೆ ಮನೆಗಳ ತುಂಬ ಫ್ಯಾಕ್ಟರಿಗೆ ಹೋಗುವವರೇ. ನಲ್ಲಿ ಸೋರಿದರೆ ಲೋಕೇಶ ಪ್ಲಂಬರನ್ನು ಕರೆಸುತ್ತಾನೆ, ಲೈಟು ಹೋದರೆ ಎಲೆಕ್ಟ್ರಿಷಿಯನ್ನನ್ನು. ಉಳಿದ ಹೊತ್ತು ಗೇಮ್ ಆಡುತ್ತಾನೆ.

ಅವನ ಗೇಮಿಂಗ್ ಕಂಪ್ಯೂಟರಿಗೆ ಎಂಟು ವರ್ಷ. ಕಪ್ಪು ತಗಡಿನ ಪಕ್ಕೆ, ಮುಂದೆ ಬಣ್ಣಬಣ್ಣದ ಲೈಟು, ನೆತ್ತಿಯ ಮೇಲೆ ಗಾಳಿಯಾಡಲು ಜಾಲರಿ. ಯಾವ ಕಾರ್ಡ್ ಒಳ್ಳೆಯದು, ಯಾವ ಪ್ರೊಸೆಸರ್ ದಂಡ ಎಂದು ಆನ್‌ಲೈನ್ ಗೆಳೆಯರಿಗೆ ಗಂಟೆಗಟ್ಟಲೆ ಪಾಠ ಹೇಳುವ ಲೋಕೇಶ ತನ್ನದರ ಒಂದು ಸ್ಕ್ರೂ ಕೂಡ ಬಿಚ್ಚಿದವನಲ್ಲ. ಬಿಚ್ಚಲು ಬರುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಅದರ ಯೋಗಕ್ಷೇಮವೆಲ್ಲ ಅಮ್ಮ ವೆಂಕಟಮ್ಮನದು. ಟ್ರ್ಯಾಕ್ಟರ್ ಮಾರಿದ ಮೇಲೆ ಆಯುಧಪೂಜೆಗೆ ಆ ಮನೆಯಲ್ಲಿ ಬೈಕು ಬಿಟ್ಟರೆ ಉಳಿದದ್ದು ಅದೊಂದೇ. ಹಾಗಾಗಿ ವರ್ಷಾವರ್ಷ ಅದಕ್ಕೆ ವಿಭೂತಿ ಬಳಿದು, ಚೆಂಡುಹೂವಿಟ್ಟು, ನೆತ್ತಿಯ ಮೇಲೆ ಅರಿಶಿನ ಕುಂಕುಮ ಧಾರಾಳವಾಗಿ ಉದುರಿಸಿ, ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು.

ಈ ವರ್ಷ ಅದು ಆಟದ ನಡುವೆ ತಾನಾಗಿ ಆಫ್ ಆಗತೊಡಗಿತು. ಹೊಸದು ತರುವುದೋ, ಇದನ್ನೇ ರಿಪೇರಿ ಮಾಡಿಸುವುದೋ ಎಂದು ಒಂದು ತಿಂಗಳು ಒದ್ದಾಡಿದ ಲೋಕೇಶ, ಕೊನೆಗೆ ಎರಡನೇ ಅಂತಸ್ತಿನಲ್ಲಿ ಬಾಡಿಗೆಗಿದ್ದ ನಂದೀಶನನ್ನು ಕರೆದ. ನಂದೀಶ ಸರ್ಕ್ಯೂಟ್ ಬೋರ್ಡ್ ತಯಾರಿಸುವ ಕಂಪನಿಯಲ್ಲಿ ಟೆಕ್ನಿಷಿಯನ್. ವಾರಕ್ಕೊಂದು ರಜೆ, ಆದರೆ ಓನರ್ ಕರೆದಾಗ ಆಗುವುದಿಲ್ಲ ಎನ್ನಲು ಯಾವ ಬಾಡಿಗೆದಾರನಿಗೂ ನಾಲಿಗೆ ಏಳುವುದಿಲ್ಲ. ಅವನು ಬ್ರಷ್ ಹಿಡಿದು ಅರ್ಧ ದಿನ ಕೂತ. ಲೋಕೇಶ ಒಂದು ಲೋಟ ಕಾಫಿ ಕೊಡಿಸಿದ.

“ಹೊಸದು ಬೇಡ ಸಾರ್. ಒಳಗೆ ಪುಡಿ, ಧೂಳು ತುಂಬ್ಕೊಂಡು ಬಿಸಿ ಆಗ್ತಿದೆ ಅಷ್ಟೇ. ಕೈಲಾದಷ್ಟು ತೆಗೆದಿದೀನಿ. ಅಂಗಡೀಲಿ ಬ್ಲೋವರ್ ಹಿಡಿಸಿ, ಹಳೇ ಡಿಸ್ಕ್ ಬದಲು ಒಂದು ಎಸ್‌ಎಸ್‌ಡಿ ಹಾಕಿಸ್ಕೊಳ್ಳಿ, ಸಾಕು. ಇನ್ನೂ ಮೂರು ವರ್ಷ ಓಡುತ್ತೆ,” ಎಂದ ನಂದೀಶ.

ಲೋಕೇಶನಿಗೆ ಒಳಗೊಳಗೇ ಹೊಸದರ ಆಸೆ. ಈ ಮಾತು ರುಚಿಸಲಿಲ್ಲ. ಅಂಗಡಿಗೂ ಹೋಗಲಿಲ್ಲ.

ನಾಲ್ಕು ದಿನ ಕಂಪ್ಯೂಟರ್ ಚೆನ್ನಾಗಿಯೇ ನಡೆಯಿತು. ಐದನೆಯ ದಿನ ಆಟ ಮುಗ್ಗರಿಸತೊಡಗಿತು. ಲೋಕೇಶ ಸೆಟ್ಟಿಂಗ್ಸ್ ತೆಗೆದು ನೋಡಿದರೆ ಹದಿನಾರು ಜಿಬಿ ಇದ್ದ ಮೆಮೊರಿ ಎಂಟಕ್ಕೆ ಇಳಿದಿದೆ. ಒಳಗಿದ್ದದ್ದು ಎಂಟೆಂಟು ಜಿಬಿಯ ಎರಡು ಮೆಮೊರಿ ಪಟ್ಟಿ ಎಂಬುದು ಅವನಿಗೆ ಗೊತ್ತಿತ್ತು. ಪಕ್ಕೆಯ ನಾಲ್ಕು ಸ್ಕ್ರೂ ಬಿಚ್ಚಿದ್ದರೆ ಎರಡೂ ಕಣ್ಣಿಗೆ ಬೀಳುತ್ತಿದ್ದವು. ಬಿಚ್ಚಲಿಲ್ಲ. ತಿಂಡಿಗೆ ಕೂತಾಗ ಅಮ್ಮನಿಗೆ ಹೇಳಿದ, “ನಂದೀಶ್ ಬಂದು ಹೋದ್ಮೇಲೆ ಒಳಗಿನ ಸಾಮಾನು ಅರ್ಧ ಇಲ್ಲ.”

ಆ ಬಿಲ್ಡಿಂಗಿನಲ್ಲಿ ಬೆಳಿಗ್ಗೆ ಏಳಕ್ಕೆ ವೆಂಕಟಮ್ಮ ಸಂಪಿನ ಮೋಟಾರ್ ಹಾಕುತ್ತಾಳೆ. ಹನ್ನೆರಡು ಮನೆಯವರೂ ಬಿಂದಿಗೆ ಹಿಡಿದು ಕೆಳಗಿರುತ್ತಾರೆ. ಮರುದಿನ ಅಲ್ಲಿ ಅವಳ ದನಿ ಮೋಟಾರನ್ನೂ ಮೀರಿಸಿತು. “ಮನೆಯೊಳಕ್ಕೆ ಬಿಟ್ಕೊಂಡಿದ್ದೇ ತಪ್ಪಾಯ್ತು ಕಣಮ್ಮಿ. ಕಂಪ್ಯೂಟರ್ ಸಾಮಾನೇ ಎತ್ತಾಕ್ಕೊಂಡು ಓಗವ್ನೆ.”

ಮೂರನೇ ಅಂತಸ್ತಿನ ಶಿವಲಿಂಗಮ್ಮ ಮೆಟ್ಟಿಲ ಮೇಲಿದ್ದ ಲೋಕೇಶನ ಕಡೆ ತಿರುಗಿ, “ನಿಜಾನೇನಪ್ಪ?” ಎಂದಳು.

“ಇನ್ಯಾರು ತೆಗೀತಾರೆ?” ಎಂದ ಲೋಕೇಶ.

ಸಾಲಿನಲ್ಲಿ ನಂದೀಶನ ಹೆಂಡತಿ ಪ್ರಿಯಾಂಕಾಳೂ ಇದ್ದಳು. ಖಾಲಿ ಬಿಂದಿಗೆ ಎತ್ತಿಕೊಂಡು ಮೇಲೆ ಹೋದಳು. ನಂದೀಶ ಬಂದು ಕೇಳಲಿಲ್ಲ, ಜಗಳವಾಡಲಿಲ್ಲ. ತಿಂಗಳು ಮುಗಿಯುತ್ತಲೇ ಕೀಲಿಕೈ ವೆಂಕಟಮ್ಮನ ಕೈಗಿಟ್ಟು ಚಂದಾಪುರಕ್ಕೆ ಮನೆ ಬದಲಾಯಿಸಿದ. ಕದ್ದವನಾದ್ದರಿಂದಲೇ ಸುಮ್ಮನೆ ಹೋದ ಎಂದು ಲೋಕೇಶ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಮೇಲೆ ಒಂದು ಭಾನುವಾರ ಹಳೆಯದನ್ನು ಕೊಟ್ಟು ಹೊಸದು ತರೋಣವೆಂದು ಕಂಪ್ಯೂಟರನ್ನು ಆಟೊದಲ್ಲಿ ಹಾಕಿಕೊಂಡು ಹೊಸೂರು ರಸ್ತೆಯ ಮುತ್ತುವಿನ ಅಂಗಡಿಗೆ ಹೋದ. ಮುತ್ತು ಪಕ್ಕೆ ಬಿಚ್ಚಿದವನೇ ನಕ್ಕುಬಿಟ್ಟ. “ಏನಣ್ಣ, ಇದು ಕಂಪ್ಯೂಟರೋ ದೇವರ ಗೂಡೋ?”

ಬ್ರಷ್ಷಿಗೆ ಸಿಗದ ಮೂಲೆಮೂಲೆಯಲ್ಲೂ ಕುಂಕುಮ ಮೆತ್ತಿಕೊಂಡಿತ್ತು. ಫ್ಯಾನಿನ ರೆಕ್ಕೆಗೆ ಸಾಂಬ್ರಾಣಿ ಜಿಡ್ಡು. ಅದರ ನಡುವೆ ಮೆಮೊರಿ ಪಟ್ಟಿಗಳು ಇದ್ದಲ್ಲೇ ಇದ್ದವು. ಎರಡೂ. ಮುತ್ತು ಒಂದನ್ನು ಕಿತ್ತು, ಅದರ ಅಂಚಿನ ಹಲ್ಲುಗಳಿಗೆ ಹತ್ತಿದ್ದ ಕೆಂಪನ್ನು ರಬ್ಬರಿನಿಂದ ಉಜ್ಜಿ, ಸಂದಿಗೆ ಗಾಳಿ ಹೊಡೆದು ಮತ್ತೆ ಕೂರಿಸಿದ. ಪರದೆಯ ಮೇಲೆ ಹದಿನಾರು ಬಂತು.

“ಮೇಲಿನ ಜಾಲರೀಲಿ ಉಳ್ಕೊಂಡಿದ್ದ ಪುಡಿ ಉದುರಿ ಇದ್ರ ಸಂದಿಗೆ ಇಳಿದಿತ್ತು, ಅದಕ್ಕೇ ಕಂಪ್ಯೂಟರಿಗೆ ಈ ಪಟ್ಟಿ ಕಾಣಿಸ್ತಿರ್ಲಿಲ್ಲ. ಮುಂಚೆ ಯಾರೋ ತಿಳಿದೋರೇ ಕ್ಲೀನ್ ಮಾಡವ್ರೆ, ಇಲ್ಲಾಂದ್ರೆ ಬೋರ್ಡೇ ಸುಟ್ಟೋಗಿರೋದು,” ಎಂದ ಮುತ್ತು. “ಹೊಸದು ಯಾಕಣ್ಣ? ಒಂದು ಎಸ್‌ಎಸ್‌ಡಿ ಹಾಕಿ ಕೊಡ್ತೀನಿ, ಆರಾಮಾಗಿ ಓಡ್ತೈತೆ.”

ಲೋಕೇಶನ ಮುಖ ಬಿಸಿಯಾಯಿತು. ಕಂಪ್ಯೂಟರನ್ನು ಅಲ್ಲೇ ಬಿಟ್ಟು, ಬಾಡಿಗೆದಾರನೊಬ್ಬನಿಗೆ ಫೋನ್ ಮಾಡಿ ನಂದೀಶನ ವಿಳಾಸ ಕೇಳಿಕೊಂಡು ಚಂದಾಪುರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನಿಗೆ ಒಂದೇ ಆಸೆ: ನಂದೀಶ ಒಬ್ಬನೇ ಸಿಗಲಿ, ಮೆಲ್ಲಗೆ ಒಂದು ಮಾತು ಹೇಳಿ ಬಂದುಬಿಡೋಣ.

ಬಾಗಿಲು ತೆಗೆದವಳು ಪ್ರಿಯಾಂಕಾ. ಲೋಕೇಶನನ್ನು ಕಂಡದ್ದೇ ಅವಳು ಒಳಗೆ ಹೋದಳು. ಮಂಚದ ಕೆಳಗಿನ ಟ್ರಂಕನ್ನು ಎಳೆದು, ಮುಚ್ಚಳ ತೆಗೆದು, ಸೀರೆಗಳನ್ನು ಒಂದೊಂದಾಗಿ ನೆಲಕ್ಕೆ ಹಾಕತೊಡಗಿದಳು.

“ನೋಡ್ಕೊಳಿ ಸಾರ್. ಬೀರುದೂ ಕೀಲಿ ಕೊಡ್ತೀನಿ,” ಎಂದಳು.

“ಅಯ್ಯೋ, ಅದಕ್ಕಲ್ಲಮ್ಮ...” ಎಂದ ಲೋಕೇಶ. ಇಷ್ಟು ನಾಚಿಕೆ ಅವನು ಹುಟ್ಟಿದಾಗಿನಿಂದ ಪಟ್ಟಿರಲಿಲ್ಲ. ಅಷ್ಟರಲ್ಲಿ ಸ್ನಾನ ಮುಗಿಸಿ ನಂದೀಶ ಬಂದ. ಲೋಕೇಶ ನೆಲ ನೋಡುತ್ತ ಎಲ್ಲ ಹೇಳಿದ. ಸಾಮಾನು ಒಳಗೇ ಇತ್ತು, ತಪ್ಪು ನನ್ನದೇ, ಕ್ಷಮಿಸು ಎಂದ.

ನಂದೀಶ ಹೆಂಡತಿಯ ಸೀರೆಗಳನ್ನು ಎತ್ತಿ ಟ್ರಂಕಿಗೆ ಇಡುತ್ತಲೇ ಕೇಳಿಸಿಕೊಂಡ. “ನನಗೆ ಹೇಳಿ ಏನು ಸಾರ್ ಉಪಯೋಗ? ನಾನು ಕದ್ದಿಲ್ಲ ಅಂತ ನನಗೆ ಗೊತ್ತೇ ಇತ್ತು. ಗೊತ್ತಿಲ್ದೇ ಇರೋರಿಗೆ ಹೇಳಿ.”

ಮರುದಿನ ಏಳಕ್ಕೆ ಲೋಕೇಶ ಸಂಪಿನ ಹತ್ತಿರ ನಿಂತು, “ನಂದೀಶ್ ಏನೂ ಕದ್ದಿರ್ಲಿಲ್ಲ” ಎಂದ. ಮೋಟಾರಿನ ಸದ್ದಿಗೆ ಯಾರಿಗೂ ಕೇಳಲಿಲ್ಲ. ಹೇಳಿಯಾಯಿತಲ್ಲ ಎಂದು ಮೇಲೆ ಹೋಗಿಬಿಡುವ ಹೇಡಿತನ ಒಂದು ಕ್ಷಣ ಅವನನ್ನು ಎಳೆಯಿತು. ಹೋಗದೆ ಸ್ವಿಚ್ ಆರಿಸಿದ. ನೀರು ನಿಂತಿತು, ಎಲ್ಲರೂ ತಿರುಗಿ ನೋಡಿದರು.

“ನಂದೀಶ್ ಏನೂ ಕದ್ದಿರ್ಲಿಲ್ಲ. ಸಾಮಾನು ಒಳಗೇ ಇತ್ತು. ನಾನು ನೋಡ್ದೇನೇ ಅವನ ಮೇಲೆ ಹೇಳ್ಬಿಟ್ಟೆ.”

“ಎಲ್ರ ಮುಂದೆ ಏನ್ಲಾ ಇದು?” ಎಂದು ವೆಂಕಟಮ್ಮ ಗದರಿದಳು.

“ಅವತ್ತೂ ಎಲ್ರ ಮುಂದೇನೇ ಹೇಳಿದ್ದು ಕಣಮ್ಮ.”

ಶಿವಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಮನೆ ಖಾಲಿ ಮಾಡೋ ದಿನ ಆ ಹುಡುಗಿ ಹೋಗ್ಬರ್ತೀನಿ ಆಂಟಿ ಅಂತ ಬಾಗ್ಲು ತಟ್ಟಿದ್ಲು ಕಣಪ್ಪ. ನಾನು ಒಳಗೇ ಇದ್ದೆ. ತೆಗೀಲಿಲ್ಲ.”