ಹೊಳೆಯಾಚೆಯ ಕಾಯಿದೆ

ಬಾವಲಿಯಲ್ಲಿ ನನ್ನದೊಂದು ಆನ್‌ಲೈನ್ ಸೇವೆಯ ಅಂಗಡಿ ಇದೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬಂದವರು ಕೂರಲು ಎರಡು ಸ್ಟೂಲು. ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಅರ್ಜಿ ತುಂಬುವುದು, ಆಧಾರ್ ಪ್ರಿಂಟ್ ತೆಗೆಯುವುದು, ಇವೇ ನನ್ನ ಕೆಲಸ. ಸರ್ಕಾರದ ಕಾಯಿದೆಗಳೆಲ್ಲ ಆನ್‌ಲೈನಿಗೆ ಬಂದಿವೆ, ಯಾರು ಬೇಕಾದರೂ ಓದಬಹುದು ಎಂದು ತಿಳಿದಾಗ ಬೋರ್ಡಿನ ಮೇಲೆ ಅದನ್ನೂ ಒಂದು ಸಾಲು ಬರೆಸಿದೆ. ಬಹಳ ಕಾಲ ಯಾರೂ ಕೇಳಲಿಲ್ಲ. ಆನೆ ಓಡಿಸಿ, ಹಂದಿ ಕಾದು, ಉಳಿದ ಹೊತ್ತಿನಲ್ಲಿ ಕಾಯಿದೆ ಓದುವ ಪುರುಸೊತ್ತು ನಮ್ಮೂರಲ್ಲಿ ಯಾರಿಗಿದೆ?

ಮೊದಲು ಕೇಳಿದವಳು ಪಕ್ಕದ ಮನೆಯ ಅಕ್ಕ. ಹೊಳೆಯಾಚೆಯ ಕರ್ನಾಟಕದಿಂದ ಮದುವೆಯಾಗಿ ಈಚೆ ದಡದ ನಮ್ಮ ಮಲಯಾಳ ಸೀಮೆಗೆ ಬಂದವಳು. ಗಂಡ ತೀರಿಹೋದ ಮೇಲೆ ಒಬ್ಬಳೇ ಶುಂಠಿ, ಬಾಳೆ ಮಾಡಿಕೊಂಡಿದ್ದಾಳೆ. ಮಲಯಾಳ ಸಲೀಸಾಗಿ ಮಾತಾಡುತ್ತಾಳೆ, ಆದರೆ ಓದಲು ಬರುವುದು ಕನ್ನಡ ಮಾತ್ರ. ಅವಳ ಅಡುಗೆಮನೆಯ ಮೇಲೆ ಒಂದು ದೊಡ್ಡ ಮತ್ತಿ ಮರ ವಾಲಿಕೊಂಡಿತ್ತು. ಕಡಿಸಲು ಅನುಮತಿ ಕೇಳಿ ಅರ್ಜಿ ಕೊಟ್ಟಿದ್ದಳು, ಉತ್ತರ ಬಂದಿರಲಿಲ್ಲ. ಗಾಳಿ ಎದ್ದಾಗಲೆಲ್ಲ ಒಲೆ ಆರಿಸಿ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು. ಮಳೆಗಾಲ ಹತ್ತಿರ ಬರುತ್ತಿತ್ತು.

"ಮರ ಕಡಿಯಕ್ಕೆ ಕಾನೂನಲ್ಲಿ ಏನದೆ ಅಂತ ತಗ್ದುಕೊಡು," ಎಂದಳು.

ನಾನು ಮಲಯಾಳದ ಕಾಯಿದೆ ತೆರೆದು ಅರ್ಥ ಹೇಳಲು ಹೊರಟೆ. ಅವಳು ಕೈ ಅಡ್ಡ ಹಿಡಿದಳು.

"ನೀ ಓದಿ ಏಳದು ಬ್ಯಾಡ ಕನಪ್ಪ. ಇಷ್ಟು ವರ್ಸ ಯಾರ್ಯಾರೋ ಓದಿ ಏಳುದ್ರು, ನಾ ವೆರುದೆ, ಸುಮ್ಕೆ, ಸಹಿ ಹಾಕ್ದೆ. ಇದ ನಾನೇ ಓದ್ಬೇಕು."

ನನಗೂ ಹುರುಪು ಬಂತು. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದೆ. ಮರ ಕಡಿಯುವ ಕಾಯಿದೆ ಅಚ್ಚುಕಟ್ಟಾದ ಕನ್ನಡದಲ್ಲಿ ಸಿಕ್ಕಿಯೇಬಿಟ್ಟಿತು. ಅದರ ತಲೆಯ ಮೇಲೆ ಯಾವ ಸರ್ಕಾರದ ಹೆಸರಿದೆ ಎಂದು ನಾನು ನೋಡಲಿಲ್ಲ. ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮ ಮನೆಯ ಪಂಚಾಂಗ, ಮದುವೆ ಕಾಗದ, ಟೀವಿಯ ಧಾರಾವಾಹಿ, ಕನ್ನಡದ್ದು ಏನಿದ್ದರೂ ಸೇತುವೆ ದಾಟಿಯೇ ಬರುತ್ತದೆ. ಕನ್ನಡದಲ್ಲಿರುವ ಕಾಗದ ನಮ್ಮದಲ್ಲ ಎಂದು ಅನ್ನಿಸುವ ಅಭ್ಯಾಸವೇ ನಮಗಿಲ್ಲ.

ಅವಳು ಒಂದಿಡೀ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು ತುಟಿ ಅಲ್ಲಾಡಿಸುತ್ತ ಓದಿದಳು. ಅರ್ಜಿ ಕೊಟ್ಟು ಇಂತಿಷ್ಟು ದಿನದೊಳಗೆ ಉತ್ತರ ಬಾರದಿದ್ದರೆ ಅನುಮತಿ ಕೊಟ್ಟಂತೆಯೇ ಎಂಬ ಸಾಲನ್ನು ಅವಳೇ ಹುಡುಕಿದಳು. ಇದು ಸರಿಯಾ ಎಂದು ನನ್ನ ಮುಖ ನೋಡಿದಳು. ನಾನು ದೊಡ್ಡ ವಕೀಲನ ಹಾಗೆ ತಲೆಯಾಡಿಸಿದೆ. ಉಳಿದ ದಿನ ಎಣಿಸಲು ಅಂದಿನಿಂದ ಬಾಗಿಲ ಕಂಬದ ಮೇಲೆ ದಿನಕ್ಕೊಂದು ಸುಣ್ಣದ ಗೆರೆ ಎಳೆದಳು. ಗೆರೆಗಳು ಮುಗಿದ ಮಾರನೆಯ ದಿನ ಮರ ಕೊಯ್ಯುವವರನ್ನು ಕರೆಸಿದಳು. ಒಂದು ಹೆಂಚೂ ಒಡೆಯದ ಹಾಗೆ ಮರ ಉರುಳಿತು. ವಾರದೊಳಗೆ ಅರಣ್ಯ ಇಲಾಖೆಯವರು ಬಂದು ದಿಮ್ಮಿಗಳಿಗೆ ನಂಬರ್ ಬರೆದು, ಅವಳ ಮೇಲೆ ಕೇಸು ಹಾಕಿದರು.

ಆಫೀಸಿಗೆ ನಾನೂ ಜೊತೆಗೆ ಹೋದೆ. ಅವಳು ಧೈರ್ಯವಾಗಿಯೇ ಪ್ರಿಂಟನ್ನು ಮೇಜಿನ ಮೇಲಿಟ್ಟಳು. ಅಧಿಕಾರಿಗೆ ಕನ್ನಡ ಬಾರದು, ಕನ್ನಡ ಬಲ್ಲ ಗಾರ್ಡ್ ಒಬ್ಬನನ್ನು ಕರೆಸಿದರು. ಅವನು ಮೊದಲ ಸಾಲು ನೋಡಿದವನೇ, ಇದು ಹೊಳೆಯಾಚೆಯ ಸರ್ಕಾರದ ಕಾಯಿದೆ ಸಾರ್, ಇಲ್ಲಿಗೆ ಸಲ್ಲುವುದಿಲ್ಲ ಎಂದ. ಆಗಲೇ ನಾನು ಆ ಸಾಲನ್ನು ಮೊದಲ ಸಲ ನೋಡಿದ್ದು.

ಈ ಕಾಗದ ಎಲ್ಲಿಂದ ಬಂತು ಎಂದು ಅಧಿಕಾರಿ ಮಲಯಾಳದಲ್ಲಿ ಕೇಳಿದರು. ಅಕ್ಕ ನನ್ನ ಕಡೆ ತಿರುಗಿದಳು. ನನ್ನ ಹೆಸರು ಬಂದರೆ ಅಂಗಡಿಯ ಲೈಸೆನ್ಸು ಹೋಗುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಆನ್‌ಲೈನಲ್ಲಿ ಸಾರ್. ಅದು ಯಾರಿಗೆ ಬೇಕಾದರೂ ಸಿಗುತ್ತದೆ."

ಸುಳ್ಳೇನಲ್ಲ. ಅಧಿಕಾರಿ ಅವಳ ಹೇಳಿಕೆಯಲ್ಲಿ ಬರೆದರು: ಸದರಿಯವಳು ತಾನೇ ಆನ್‌ಲೈನಿನಿಂದ ಕಾಯಿದೆ ತೆಗೆದು, ತಾನೇ ಓದಿ, ಯಾರ ಸಲಹೆಯೂ ಇಲ್ಲದೆ ಮರ ಕಡಿಸಿದ್ದಾಳೆ. ಅವಳೋ ಜೀವಮಾನದಲ್ಲಿ ಕಂಪ್ಯೂಟರ್ ಮುಟ್ಟದ ಹೆಂಗಸು. ಗಟ್ಟಿಯಾಗಿ ಓದಿ ಹೇಳಿದಾಗ ಅವಳಿಗೆ ಪ್ರತಿಯೊಂದು ಮಾತೂ ಅರ್ಥವಾಯಿತು. ಸಹಿ ಹಾಕಿದಳು. ಜೀಪಿನಲ್ಲಿ ಬರುವಾಗ ಶುಂಠಿಗೆ ರೋಗ ಬಿದ್ದಿದೆ ಎಂದಳು, ಅಷ್ಟೇ.

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಮ್ಮೆ ನಿಜ ಹೇಳಿಬಿಡೋಣವೆಂದು ಆಫೀಸಿನ ವರಾಂಡದವರೆಗೂ ಹೋದೆ. ಲೈಸೆನ್ಸು ನೆನಪಾಯಿತು, ಹಿಂದಿರುಗಿದೆ. ನಾನು ಹೇಡಿ, ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಕೇಸಿನ ಕಾಗದಗಳೆಲ್ಲ ಮಲಯಾಳದಲ್ಲಿ ಬರುತ್ತವೆ. ಅವನ್ನು ಓದಿಸಿಕೊಳ್ಳಲು ಅವಳಿಗೆ ಇಲ್ಲಿ ನನ್ನ ಅಂಗಡಿ ಬಿಟ್ಟರೆ ಬೇರೆ ಗತಿಯಿಲ್ಲ. ಅವಳು ಗೇಟು ತೆಗೆಯುವ ಸದ್ದಾದರೆ ಸಾಕು, ಏನೋ ಹುಡುಕುವವನಂತೆ ಪ್ರಿಂಟರಿನ ಹಿಂದೆ ಬಗ್ಗುತ್ತೇನೆ. ಅಂಗಡಿ ಬಿಟ್ಟು ಎಲ್ಲಿಗೆ ಓಡಲಿ?

ಕಳೆದ ವಾರ ಕೋರ್ಟಿನಿಂದ ಆ ಹೇಳಿಕೆಯ ನಕಲು ಬಂತು. ತಂದು ನನ್ನ ಮುಂದಿಟ್ಟು ಕೂತಳು. ನಾನು ಕನ್ನಡ ಮಾಡುತ್ತ ಓದುತ್ತ ಹೋದೆ. ಆ ಸಾಲು ಬಂದಾಗ ಗಡಿಬಿಡಿಯಲ್ಲಿ ಮುಂದಕ್ಕೆ ಹಾರಿದೆ.

"ಒಂದು ಸಾಲು ಬುಟ್ಟೆ," ಎಂದಳು.

ಓದಿದೆ. ತಾನೇ ಓದಿ, ಯಾರ ಸಲಹೆಯೂ ಇಲ್ಲದೆ.

"ಇನ್ನೊಂದ್ಸಲ ಓದು. ನಿಧಾನಕ್ಕೆ."

ಮತ್ತೆ ಓದಿದೆ. ಅವಳು ಕಾಗದ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮುಗಿದ ಮೇಲೂ ಸ್ಟೂಲಿನಿಂದ ಏಳಲಿಲ್ಲ.